ಮಳೆನಾಡಿನ ಸಣ್ಣ ಕಾರ್ಯಾಗಾರಕ್ಕೆ ರೂಟರ್ ಬಿಟ್‌ಗಳ ಗೋಡೆ ಕಪಾಟು

ಕೊಡಗಿನಲ್ಲಿ ಮರಗೆಲಸ ಮಾಡುವ ಅನೇಕರ ಕಾರ್ಯಾಗಾರವೆಂದರೆ ಕಾಫಿ ಗೋದಾಮಿನ ಒಂದು ಮೂಲೆ, ಜೀಪು ನಿಲ್ಲಿಸುವ ಶೆಡ್ಡಿನ ಹಿಂಭಾಗ, ಇಲ್ಲವೇ ದನಗಳಿಲ್ಲದೆ ಖಾಲಿಯಾದ ಕೊಟ್ಟಿಗೆ. ಅಲ್ಲಿ ಕೆಲಸದ ಮೇಜು, ಗರಗಸದ ಯಂತ್ರ, ಒಣಗಲೆಂದು ಪೇರಿಸಿಟ್ಟ ಹಲಗೆಗಳು ಇಷ್ಟು ಸೇರಿದರೆ ಓಡಾಡುವುದಕ್ಕೇ ಜಾಗ ಸಾಲದು. ರೂಟರ್ ಎಂದರೆ ಮರದ ಅಂಚು, ತೋಡುಗಳನ್ನು ಕೆತ್ತುವ ಯಂತ್ರ, ಬಿಟ್ ಎಂದರೆ ಅದಕ್ಕೆ ಸಿಕ್ಕಿಸುವ ಕೊರೆಯುವ ಮೊನೆ. ರೂಟರ್ ಬಿಟ್‌ಗಳು ಸಣ್ಣವಾದರೂ ಅವುಗಳ ಡಬ್ಬಿಗಳು ಸಣ್ಣವಲ್ಲ. ಬೆರಳುದ್ದದ ಒಂದು ಬಿಟ್‌ಗೆ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ, ಸೆಟ್ ಆಗಿ ಕೊಂಡರೆ ಸ್ಪಾಂಜು ತುಂಬಿದ ಮರದ ಪೆಟ್ಟಿಗೆ, ಹೀಗೆ ಕೆಲವೇ ವರ್ಷಗಳಲ್ಲಿ ಒಂದು ಇಡೀ ಅರೆ ಅವುಗಳ ಪಾಲಾಗುತ್ತದೆ. ಎಲ್ಲವನ್ನೂ ಡಬ್ಬಿಯಿಂದ ತೆಗೆದು ಒಂದು ಡ್ರಾಯರ್‌ಗೆ ಸುರಿದರೆ ಜಾಗ ಉಳಿಯುತ್ತದೆ, ಆದರೆ ಬಿಟ್‌ಗಳು ಉಳಿಯುವುದಿಲ್ಲ. ಅಂಚಿನಲ್ಲಿರುವ ಟಂಗ್‌ಸ್ಟನ್ ಕಾರ್ಬೈಡ್ ಎಷ್ಟು ಗಟ್ಟಿಯೋ ಅಷ್ಟೇ ಪೆಡಸು. ಒಂದಕ್ಕೊಂದು ತಾಗಿದರೆ ಅಂಚು ಚಕ್ಕೆಯೆದ್ದು, ಆ ಬಿಟ್ ಮುಂದೆ ಕೊರೆಯುವ ಪ್ರತಿಯೊಂದು ಮರದ ಮೇಲೂ ಗೆರೆ ಬಿಡುತ್ತದೆ.

ಕಡಿಮೆ ಜಾಗದಲ್ಲಿ ಹೆಚ್ಚು ಬಿಟ್‌ಗಳನ್ನು ಹಿಡಿಸುವುದು ಬರಿಯ ಅಳತೆಯ ಲೆಕ್ಕ. ಅದನ್ನು ಯಾವ ಊರಿನಲ್ಲಾದರೂ ಒಂದೇ ರೀತಿ ಮಾಡಬಹುದು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಮಳೆ ಸುರಿಯುವ ನಮ್ಮ ಕಡೆ ಅದೇ ಲೆಕ್ಕ ಸಾಲುವುದಿಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡಾ 60ನ್ನು ದಾಟಿದ ಮೇಲೆ ಉಕ್ಕು ತುಕ್ಕು ಹಿಡಿಯುವ ವೇಗ ಹೆಚ್ಚುತ್ತದೆ, ಜುಲೈ-ಆಗಸ್ಟ್‌ನ ಕಕ್ಕಡ ಮಾಸದಲ್ಲಿ ಮಡಿಕೇರಿ, ಭಾಗಮಂಡಲದ ಕಡೆ ಗಾಳಿ ಆ ಮಟ್ಟಕ್ಕಿಂತ ಕೆಳಗಿಳಿಯುವುದೇ ಅಪರೂಪ. ಕಾರ್ಬೈಡ್ ಅಂಚಿಗೆ ತುಕ್ಕಿನ ಭಯವಿಲ್ಲ. ಆದರೆ ಅದನ್ನು ಹೊತ್ತಿರುವ ಉಕ್ಕಿನ ಮೈ, ಯಂತ್ರದ ಬಿಗಿಯುವ ಬಾಯಿ (ಕೊಲೆಟ್) ಹಿಡಿಯುವ ಕಾಂಡ (ಶ್ಯಾಂಕ್), ತುದಿಯ ಬೇರಿಂಗ್ ಮೂರಕ್ಕೂ ಇದೆ. ಇದರ ಜೊತೆಗೆ ಮರವೂ ಉಬ್ಬುವುದರಿಂದ ಬಿಟ್ ನಿಲ್ಲಿಸಿದ ರಂಧ್ರಗಳು ಬಿಗಿಯಾಗುತ್ತವೆ. ಆದ್ದರಿಂದ ಒತ್ತಾಗಿ ಜೋಡಿಸುವ ಲೆಕ್ಕವನ್ನೂ ಒಣಗಿಸಿಡುವ ಲೆಕ್ಕವನ್ನೂ ಮೊದಲಿನಿಂದಲೇ ಒಟ್ಟಿಗೆ ಹಾಕಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ. ಕೆಳಗೆ ವಿವರಿಸಿರುವ ಕಪಾಟು ಗೋಡೆಯ ಮೇಲೆ 40 ಸೆಂ.ಮೀ. ಅಗಲ, 50 ಸೆಂ.ಮೀ. ಎತ್ತರದಷ್ಟು ಜಾಗವನ್ನು ಮಾತ್ರ ಹಿಡಿಯುತ್ತದೆ, ಮುಚ್ಚಿದಾಗ ಪೆಟ್ಟಿಗೆಯ ಒಟ್ಟು ಆಳ 15 ಸೆಂ.ಮೀ.ಗಿಂತ ಹೆಚ್ಚಾಗುವುದಿಲ್ಲ, ಅದರೊಳಗೆ 68 ಬಿಟ್‌ಗಳು ಒಂದನ್ನೊಂದು ಮುಟ್ಟದೆ ನಿಲ್ಲುತ್ತವೆ.

ಅಳತೆ ಮೊದಲು, ಮರ ಆಮೇಲೆ

ಹಲಗೆ ಕುಯ್ಯುವ ಮೊದಲು ನಿಮ್ಮಲ್ಲಿರುವ ಎಲ್ಲ ಬಿಟ್‌ಗಳನ್ನೂ ಒಂದು ಹಳೆಯ ಬಟ್ಟೆಯ ಮೇಲೆ ಹರಡಿ, ವರ್ನಿಯರ್ ಕ್ಯಾಲಿಪರ್‌ನಿಂದ ಶ್ಯಾಂಕಿನ ದಪ್ಪ, ಕೊರೆಯುವ ತಲೆಯ ವ್ಯಾಸ, ತುದಿಯಿಂದ ತುದಿಗೆ ಒಟ್ಟು ಉದ್ದ ಈ ಮೂರನ್ನು ಬರೆದುಕೊಳ್ಳಿ. ಶ್ಯಾಂಕಿನ ಅಳತೆಯಲ್ಲಿ ವಿಶೇಷ ಎಚ್ಚರ ಬೇಕು. ನಮ್ಮ ಅಂಗಡಿಗಳಲ್ಲಿ ಇಂಚಿನ ಲೆಕ್ಕದ ಬಿಟ್‌ಗಳೂ ಮಿಲಿಮೀಟರ್ ಲೆಕ್ಕದ ಬಿಟ್‌ಗಳೂ ಒಟ್ಟಿಗೇ ಸಿಗುತ್ತವೆ. ಕಾಲು ಇಂಚು ಎಂದರೆ 6.35 ಮಿ.ಮೀ., ಅರ್ಧ ಇಂಚು ಎಂದರೆ 12.7 ಮಿ.ಮೀ.; ಇವುಗಳ ಪಕ್ಕದಲ್ಲೇ 6 ಮತ್ತು 12 ಮಿ.ಮೀ. ಶ್ಯಾಂಕಿನವೂ ಇರುತ್ತವೆ, ಬರಿಗಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಕಾಲು ಇಂಚಿನ ಕೊಲೆಟ್‌ಗೆ 6 ಮಿ.ಮೀ. ಶ್ಯಾಂಕ್ ಹಾಕಿ ಎಷ್ಟೇ ಬಿಗಿಮಾಡಿದರೂ ಅದು ಕೆಲಸದ ನಡುವೆ ಜಾರಬಹುದು, ನಿಮಿಷಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ಯಂತ್ರದಲ್ಲಿ ಇದು ಪ್ರಾಣಕ್ಕೇ ಅಪಾಯ. ಆದ್ದರಿಂದ ಕಪಾಟಿನಲ್ಲಿ ಮೊದಲ ವಿಂಗಡಣೆ ಶ್ಯಾಂಕಿನ ದಪ್ಪದ ಮೇಲೆಯೇ ಆಗಬೇಕು. ನೇರ ಬಿಟ್, ಫ್ಲಶ್ ಟ್ರಿಮ್, ರೌಂಡ್ ಓವರ್, ಕೋವ್, ಚಾಂಫರ್, ಡವ್‌ಟೇಲ್ ಎಂಬ ಆಕಾರದ ವಿಂಗಡಣೆ ಅದರೊಳಗೆ ಬರಲಿ.

ಮರದ ಪಟ್ಟಿಗಳಲ್ಲಿ ಕೊರೆದ ರಂಧ್ರಗಳಿಗೆ ಶ್ಯಾಂಕ್ ಇಳಿಸಿ ಬಿಟ್‌ಗಳನ್ನು ನಿಲ್ಲಿಸುತ್ತೇವೆ. ಎರಡು ರಂಧ್ರಗಳ ನಡುವಿನ ಅಂತರವನ್ನು ಕಂಡುಕೊಳ್ಳಲು ಒಂದು ತಲೆಯ ವ್ಯಾಸದ ಅರ್ಧ, ಪಕ್ಕದ ತಲೆಯ ವ್ಯಾಸದ ಅರ್ಧ, ಬೆರಳು ತೂರಲು 12 ಮಿ.ಮೀ. ಇವನ್ನು ಕೂಡಿಸಿದರೆ ಸಾಕು. 20 ಮಿ.ಮೀ. ವ್ಯಾಸದ ತಲೆಗಳಿಗೆ ಇದು 32 ಮಿ.ಮೀ. ಆಗುತ್ತದೆ. ಎರಡನೆಯ ಸಾಲನ್ನು ಮೊದಲ ಸಾಲಿನ ರಂಧ್ರಗಳ ನಡುವೆ ಬರುವಂತೆ ಸರಿಸಿದರೆ ಸಾಲುಗಳ ಅಂತರ 32ರ ಬದಲು 28 ಮಿ.ಮೀ. ಇದ್ದರೂ ಯಾವ ಎರಡು ಬಿಟ್‌ಗಳೂ ಹತ್ತಿರವಾಗುವುದಿಲ್ಲ. ಎರಡೇ ಸಾಲಿರುವ ಪಟ್ಟಿಯಲ್ಲಿ ಉಳಿಯುವುದು ನಾಲ್ಕೇ ಮಿಲಿಮೀಟರ್ ನಿಜ. ಆದರೂ ಹಿಂದಿನ ಸಾಲಿನ ಬಿಟ್‌ಗಳು ಮುಂದಿನವುಗಳ ನಡುವಿನಿಂದ ಪೂರ್ತಿಯಾಗಿ ಕಾಣುವುದರಿಂದ ಈ ಜೋಡಣೆಯನ್ನೇ ನಾನು ಸೂಚಿಸುತ್ತೇನೆ.

ಎತ್ತರದ ವಿಷಯದಲ್ಲಿ ಬಹಳ ಜನ ಗಮನಿಸದ ಒಂದು ಅಂಶವಿದೆ. ಬಿಟ್ಟನ್ನು ರಂಧ್ರದಿಂದ ಹೊರತೆಗೆಯಬೇಕಾದರೆ ರಂಧ್ರದ ಆಳದಷ್ಟು ಮೇಲೆತ್ತಲೇಬೇಕು. ಆದ್ದರಿಂದ ರಂಧ್ರವನ್ನು ಎಷ್ಟೇ ಆಳವಾಗಿ ಕೊರೆದರೂ ಮೇಲೆ ಬಿಡಬೇಕಾದ ತೆರವು ಬಿಟ್ಟಿನ ಒಟ್ಟು ಉದ್ದಕ್ಕಿಂತ ಕಡಿಮೆಯಾಗುವುದಿಲ್ಲ, ನೇರವಾಗಿ ನಿಲ್ಲಿಸಿದರೆ ಅದರ ಮೇಲೆ ಇನ್ನೂ 10 ಮಿ.ಮೀ. ಬೇಕು. ಪಟ್ಟಿಯನ್ನೇ 15 ಡಿಗ್ರಿಯಷ್ಟು ಮುಂದಕ್ಕೆ ಓರೆಯಾಗಿಸಿದರೆ ಬಿಟ್ ಮೇಲಕ್ಕೂ ಮುಂದಕ್ಕೂ ಒಟ್ಟಿಗೇ ಬರುವುದರಿಂದ ಆ ಹೆಚ್ಚುವರಿ ತೆರವು ಬೇಕಾಗುವುದಿಲ್ಲ, ತಲೆಯ ಆಕಾರವೂ ಎದುರು ನಿಂತವರ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಕೋನಮಾಪಕ ಇಲ್ಲದವರು 60 ಮಿ.ಮೀ. ಅಡ್ಡಕ್ಕೆ 16 ಮಿ.ಮೀ. ಏರಿಕೆ ಎಂದು ಗುರುತು ಹಾಕಿಕೊಂಡರೆ ಅದೇ 15 ಡಿಗ್ರಿ.

ಪೆಟ್ಟಿಗೆ ಮತ್ತು ಪಟ್ಟಿಗಳು

ಪೆಟ್ಟಿಗೆಗೆ 12 ಮಿ.ಮೀ. ದಪ್ಪದ, ಐಎಸ್ 710 ಗುರುತಿರುವ ಮರೀನ್ ಪ್ಲೈವುಡ್ ತೆಗೆದುಕೊಳ್ಳಿ. ಬೆಲೆ ಹೆಚ್ಚೆನಿಸಿದರೂ ಬೇಕಾಗುವುದು ಸಣ್ಣ ತುಂಡು. ಮನೆ ಕೆಲಸ ನಡೆಯುವಲ್ಲಿ ಉಳಿದ ತುಂಡುಗಳೇ ಸಾಕಾಗುತ್ತವೆ. ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಎಂಡಿಎಫ್ ಹಲಗೆ ಬಳಸುವುದನ್ನು ನಾನು ಒಪ್ಪುವುದಿಲ್ಲ, ಅದರ ಅಂಚು ತೇವ ಕುಡಿದು ಒಮ್ಮೆ ಉಬ್ಬಿದರೆ ಮತ್ತೆ ಮೊದಲಿನಂತಾಗುವುದಿಲ್ಲ. ಪೆಟ್ಟಿಗೆಯ ಎರಡು ಪಕ್ಕಗಳು 500ಕ್ಕೆ 90 ಮಿ.ಮೀ., ಮೇಲಿನ ಮತ್ತು ಕೆಳಗಿನ ತುಂಡುಗಳು 376ಕ್ಕೆ 90 ಮಿ.ಮೀ. ಇರಲಿ. ಹಿಂಬದಿಗೆ 6 ಮಿ.ಮೀ. ಪ್ಲೈವುಡ್‌ನ 400ಕ್ಕೆ 500 ಮಿ.ಮೀ. ಅಳತೆಯ ಒಂದು ತುಂಡನ್ನು ಅಂಟು ಹಚ್ಚಿ ಸ್ಕ್ರೂಗಳಿಂದ ಬಿಗಿಯಿರಿ. ಬಾಗಿಲೂ ಹೀಗೆಯೇ ಒಂದು ತೆಳು ಪೆಟ್ಟಿಗೆ: ಪಕ್ಕಗಳು 500ಕ್ಕೆ 45, ಮೇಲೆ ಕೆಳಗೆ 376ಕ್ಕೆ 45, ಮುಂಬದಿಗೆ 6 ಮಿ.ಮೀ. ಹಲಗೆ. ಮೂಲೆಗಳು ಚೌಕವಾಗಿವೆಯೇ ಎಂದು ತಿಳಿಯಲು ಎರಡು ಕರ್ಣಗಳನ್ನು ಅಳೆದು ನೋಡಿ. ಎರಡೂ ಸಮನಾಗುವವರೆಗೆ ಅಂಟು ಒಣಗಲು ಬಿಡಬೇಡಿ. ಬಾಗಿಲನ್ನು ಪೂರ್ತಿ ಉದ್ದದ ಪಿಯಾನೋ ಹಿಂಜ್‌ನಿಂದ ಕೂಡಿಸಿದರೆ ಭಾರ ಒಂದೇ ಕಡೆ ಬೀಳದೆ ಹಂಚಿಹೋಗುತ್ತದೆ.

ಬಿಟ್‌ಗಳನ್ನು ಹಿಡಿಯುವ ಪಟ್ಟಿಗಳು ನಾಲ್ಕು, ಪ್ರತಿಯೊಂದೂ 374 ಮಿ.ಮೀ. ಉದ್ದ, 60 ಅಗಲ, 24 ದಪ್ಪ. 12 ಮಿ.ಮೀ. ಪ್ಲೈವುಡ್‌ನ ಎರಡು ಪದರಗಳನ್ನು ಅಂಟಿಸಿದರೆ ಈ ದಪ್ಪ ಬರುತ್ತದೆ. ಗಟ್ಟಿ ಮರವೇ ಬೇಕೆನ್ನುವವರು ಹಳೆಯ ಕಿಟಕಿ ಬಾಗಿಲುಗಳಿಂದ ಬಂದ ತೇಗದ ತುಂಡುಗಳನ್ನು ಬಳಸಲಿ. ಅದು ಎಷ್ಟೋ ಮಳೆಗಾಲಗಳನ್ನು ಕಂಡು ಪಳಗಿರುತ್ತದೆ, ಉಬ್ಬುವುದೂ ಕಡಿಮೆ. ತೋಟದಲ್ಲಿ ಹೇರಳವಾಗಿ ಸಿಗುವ ಸಿಲ್ವರ್ ಓಕ್ ಪೂರ್ತಿ ಒಣಗಿದ್ದರೆ ಅದೂ ಆಗಬಹುದು. ಹಸಿ ಮರವನ್ನು ಮಾತ್ರ ಯಾವ ಕಾರಣಕ್ಕೂ ತೆಗೆದುಕೊಳ್ಳಬಾರದು, ಅದರೊಳಗಿನ ನೀರೂ ಆಮ್ಲಾಂಶವೂ ಮುಚ್ಚಿದ ಪೆಟ್ಟಿಗೆಯಲ್ಲಿ ನೇರವಾಗಿ ಉಕ್ಕಿನ ಮೇಲೆ ಕೂರುತ್ತವೆ. ಸೌದೆ ಒಲೆ ಇರುವ ಮನೆಗಳಲ್ಲಿ ಕುಯ್ದ ಪಟ್ಟಿಗಳನ್ನು ಕೆಲವು ವಾರ ಒಲೆಯ ಮೇಲಿನ ಅಟ್ಟದಲ್ಲಿಟ್ಟು ಆಮೇಲೆ ರಂಧ್ರ ಕೊರೆಯುವುದು ಒಳ್ಳೆಯ ಕ್ರಮ.

ಪಟ್ಟಿಯ ಮುಂಬದಿಯ ಅಂಚಿನಿಂದ 16 ಮಿ.ಮೀ. ಹಾಗೂ 44 ಮಿ.ಮೀ. ದೂರದಲ್ಲಿ ಉದ್ದಕ್ಕೂ ಎರಡು ಗೆರೆ ಎಳೆಯಿರಿ. ಸಣ್ಣ ಬಿಟ್‌ಗಳ ಎರಡು ಪಟ್ಟಿಗಳಲ್ಲಿ ಮುಂದಿನ ಗೆರೆಯ ಮೇಲೆ 27 ಮಿ.ಮೀ. ಬಿಟ್ಟು ಶುರುಮಾಡಿ 32 ಮಿ.ಮೀ.ಗೊಂದರಂತೆ 11 ಗುರುತುಗಳನ್ನು, ಹಿಂದಿನ ಗೆರೆಯ ಮೇಲೆ ಅವುಗಳ ನಡುವೆ 10 ಗುರುತುಗಳನ್ನು ಹಾಕಬಹುದು. ದೊಡ್ಡ ಬಿಟ್‌ಗಳ ಎರಡು ಪಟ್ಟಿಗಳಲ್ಲಿ ಮುಂದೆ 48 ಮಿ.ಮೀ. ಅಂತರದಲ್ಲಿ 7, ಹಿಂದೆ 6 ಬರುತ್ತವೆ. ಅಗಲ ತಲೆಯವು ಮುಂದೆ ಇರಲಿ, ಉದ್ದವಾದ ಸಪೂರ ಬಿಟ್‌ಗಳು ಅವುಗಳ ಹಿಂದೆ ನಿಲ್ಲಲಿ. ಪೆಟ್ಟಿಗೆಯ ಒಳಗಿನ 476 ಮಿ.ಮೀ. ಎತ್ತರವನ್ನು ಸಣ್ಣ ಪಟ್ಟಿಗಳಿಗೆ ತಲಾ 100, ದೊಡ್ಡವಕ್ಕೆ ತಲಾ 135 ಎಂದು ಹಂಚಿದರೆ 60 ಮಿ.ಮೀ. ಉದ್ದದವರೆಗಿನ ಸಣ್ಣ ಬಿಟ್‌ಗಳೂ 90 ಮಿ.ಮೀ. ಉದ್ದದವರೆಗಿನ ದೊಡ್ಡ ಬಿಟ್‌ಗಳೂ ತೊಡಕಿಲ್ಲದೆ ಹೊರಬರುತ್ತವೆ. ಭಾರದವು ಕೆಳಗಿರಬೇಕು. ಬಾಗಿಲಿನ ಹಲಗೆ ಕೆತ್ತುವ 80 ಮಿ.ಮೀ. ವ್ಯಾಸದ ಪ್ಯಾನೆಲ್ ಬಿಟ್ ಇದ್ದವರು ಅದಕ್ಕೆ ಈ ಕಪಾಟಿನಲ್ಲಿ ಜಾಗ ಹುಡುಕದೆ ಅದರ ಡಬ್ಬಿಯಲ್ಲೇ ಇಟ್ಟುಕೊಳ್ಳುವುದು ಮೇಲು, ಆ ಒಂದಕ್ಕಾಗಿ ನಾಲ್ಕೈದು ಬಿಟ್‌ಗಳ ಜಾಗ ಹೋಗುತ್ತದೆ.

ರಂಧ್ರ ಕೊರೆಯುವ ರೀತಿ

ಇಡೀ ಕೆಲಸದಲ್ಲಿ ನಿಧಾನ ಬೇಕಾದ ಹಂತ ಇದೇ. ರಂಧ್ರ ಬಿಗಿಯಾದರೆ ಬಿಟ್ಟನ್ನು ಜಗ್ಗಬೇಕಾಗುತ್ತದೆ, ಹರಿತವಾದ ಅಂಚನ್ನು ಬೆರಳುಗಳಲ್ಲಿ ಹಿಡಿದು ಜಗ್ಗುವುದೆಂದರೆ ಬೆರಳು ಕುಯ್ದುಕೊಳ್ಳುವುದಕ್ಕೆ ದಾರಿ. 6.35 ಮಿ.ಮೀ. ಶ್ಯಾಂಕಿಗೆ 6.5, 8ಕ್ಕೆ 8.5, 12ಕ್ಕೆ 12.5, 12.7ಕ್ಕೆ 13 ಮಿ.ಮೀ. ಡ್ರಿಲ್ ಬಿಟ್ ಸಾಮಾನ್ಯವಾಗಿ ಹೊಂದುತ್ತದೆ. ಆದರೆ ಈ ಕೆಲಸವನ್ನು ಜನವರಿಯಿಂದ ಮಾರ್ಚ್‌ವರೆಗಿನ ಒಣ ತಿಂಗಳುಗಳಲ್ಲಿ ಮಾಡುವವರು ಇವುಗಳ ಮೇಲೆ ಇನ್ನೂ ಅರ್ಧ ಮಿಲಿಮೀಟರ್ ಸೇರಿಸಿಕೊಳ್ಳಬೇಕು. ಆಗ ಸ್ವಲ್ಪ ಸಡಿಲವೆನಿಸಿದ್ದು ಜುಲೈ ಹೊತ್ತಿಗೆ ಸರಿಯಾಗಿ ಕೂರುತ್ತದೆ. ಮಳೆಗಾಲದಲ್ಲೇ ಕೊರೆಯುವವರಿಗೆ ಈ ಹೆಚ್ಚಿನ ಸಡಿಲ ಬೇಕಿಲ್ಲ, ಬೇಸಿಗೆಯಲ್ಲಿ ರಂಧ್ರ ಹಿಗ್ಗಿದರೂ ನಷ್ಟವೇನಿಲ್ಲ.

ಡ್ರಿಲ್ಲಿಗೆ 20 ಮಿ.ಮೀ. ಎತ್ತರದಲ್ಲಿ ಟೇಪು ಸುತ್ತಿ ಆಳದ ಗುರುತು ಮಾಡಿಕೊಳ್ಳಿ. ಮರಕ್ಕೆಂದೇ ಇರುವ, ನಡುವೆ ಚೂಪಾದ ಮೊನೆಯುಳ್ಳ ಡ್ರಿಲ್ ಬಿಟ್‌ನಿಂದ ದೊಡ್ಡ ರಂಧ್ರವನ್ನೇ ಮೊದಲು ಕೊರೆದು, ಆ ಮೊನೆ ತಳದಲ್ಲಿ ಬಿಟ್ಟ ಗುರುತಿನ ಮೇಲೆ 5 ಮಿ.ಮೀ. ಡ್ರಿಲ್ ಇಟ್ಟು ಪಟ್ಟಿಯ ಆಚೆಗೆ ತೂತು ಮಾಡಿ. ಕ್ರಮವನ್ನು ಹಿಂದುಮುಂದು ಮಾಡಿದರೆ ದೊಡ್ಡ ಡ್ರಿಲ್ಲಿನ ಮೊನೆಗೆ ನಾಟಲು ಮರವೇ ಇಲ್ಲದೆ ರಂಧ್ರ ಪಕ್ಕಕ್ಕೆ ಸರಿಯುತ್ತದೆ. ಈ ಸಣ್ಣ ತೂತು ನೋಡಲು ಅನವಶ್ಯಕವೆನಿಸಬಹುದು, ಆದರೆ ಮುಚ್ಚಿದ ತಳದಲ್ಲಿ ಮರದ ಪುಡಿ ಸೇರಿ, ಆ ಪುಡಿ ತೇವ ಹೀರಿಕೊಂಡು, ಶ್ಯಾಂಕಿನ ಬುಡಕ್ಕೆ ಉಂಗುರದಂತೆ ತುಕ್ಕು ಹಿಡಿಸುವುದನ್ನು ತಡೆಯುವುದು ಇದೊಂದೇ. ಡ್ರಿಲ್ ಸ್ಟ್ಯಾಂಡ್ ಇಲ್ಲದವರು ದಪ್ಪ ಮರದ ತುಂಡೊಂದರಲ್ಲಿ ನೆಟ್ಟಗೆ ಕೊರೆದ ರಂಧ್ರವನ್ನೇ ದಾರಿಯಾಗಿಸಿಕೊಂಡು ಕೈ ಡ್ರಿಲ್‌ನಿಂದಲೇ ಅಚ್ಚುಕಟ್ಟಾಗಿ ಮುಗಿಸಬಹುದು.

6 ಮಿ.ಮೀ. ಶ್ಯಾಂಕಿನ ಬಿಟ್‌ಗಳಿಗೆ ನನ್ನ ಸಲಹೆ ಬೇರೆ. ತರಕಾರಿ ಹೆಚ್ಚುವ ದಪ್ಪ ಪ್ಲಾಸ್ಟಿಕ್ ಹಲಗೆಯಿಂದ, ಅಂದರೆ ಪಾಲಿಎಥಿಲೀನ್‌ನಿಂದ, ಒಂದು ತುಂಡು ಕುಯ್ದು ಅದರಲ್ಲಿ 6.2 ಮಿ.ಮೀ. ಡ್ರಿಲ್‌ನಿಂದ ರಂಧ್ರ ಮಾಡಿ ಪಟ್ಟಿಯ ಮೇಲೆ ಸ್ಕ್ರೂ ಹಾಕಿ ಕೂರಿಸಿ. ಕೆಳಗಿನ ಮರದ ರಂಧ್ರ ಸಡಿಲವಾಗಿಯೇ ಇರಲಿ. ಪಾಲಿಎಥಿಲೀನ್ ನೀರು ಕುಡಿಯುವುದಿಲ್ಲವಾದ್ದರಿಂದ ಮಳೆಗಾಲದಲ್ಲೂ ಅಳತೆ ಬದಲಾಗದು, ಕಾಲು ಇಂಚಿನ ಶ್ಯಾಂಕ್ ಆ ರಂಧ್ರಕ್ಕೆ ಹೋಗಲಾರದು. ಹೀಗೆ ಕಪಾಟೇ ಅಳತೆಗೋಲಾಗುತ್ತದೆ, ಹೊಸಬರು ತಪ್ಪಿ ಬೇರೆ ಕೊಲೆಟ್‌ಗೆ ಹಾಕುವ ಸಂಭವ ಬಹಳ ಕಡಿಮೆಯಾಗುತ್ತದೆ. ಪ್ಲಾಸ್ಟಿಕ್ಕಿಗೆ ಡ್ರಿಲ್ ವೇಗ ಕಡಿಮೆ ಇರಲಿ, ಬಿಸಿಯಾದರೆ ರಂಧ್ರದ ಬಾಯಿ ಕರಗಿ ಮುದುಡುತ್ತದೆ.

ಪಟ್ಟಿಗಳನ್ನು ಕೂರಿಸಲು ಪೆಟ್ಟಿಗೆಯ ಎರಡೂ ಪಕ್ಕಗಳಿಗೆ 12 ಮಿ.ಮೀ. ದಪ್ಪದ ಆಧಾರದ ಕಡ್ಡಿಗಳನ್ನು 15 ಡಿಗ್ರಿ ಓರೆಯಲ್ಲಿ ಅಂಟಿಸಿ, ಅವುಗಳ ಮುಂತುದಿಯಲ್ಲಿ ಪಟ್ಟಿ ಜಾರದಂತೆ ಒಂದು ತಡೆಗೂಟ ಕೊಡಿ. ಪಟ್ಟಿಯನ್ನು ಅಂಟಿಸಕೂಡದು. ಎರಡು ತುದಿಗಳಲ್ಲಿ ಒಂದೊಂದು ಸ್ಕ್ರೂ ಇದ್ದರೆ ಪುಡಿ ಕೊಡವಲು, ರಂಧ್ರ ಸರಿಪಡಿಸಲು, ಮುಂದೆ ಬಿಟ್‌ಗಳ ಸಂಗ್ರಹ ಬದಲಾದಾಗ ಪಟ್ಟಿಯನ್ನೇ ಬದಲಿಸಲು ಅನುಕೂಲ. ಎಲ್ಲ ತುಂಡುಗಳಿಗೂ, ರಂಧ್ರದ ಒಳಮೈಗೂ ಸೇರಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಶ್ ಎರಡು ಸಲ ಬಳಿದು, ವಾಸನೆ ಪೂರ್ತಿ ಹೋಗುವವರೆಗೆ ಬಾಗಿಲು ತೆರೆದಿಟ್ಟು, ಆಮೇಲಷ್ಟೇ ಬಿಟ್‌ಗಳನ್ನು ಜೋಡಿಸಬೇಕು.

ಹೆಸರು ಬರೆದ ಚೀಟಿಗಿಂತ ಉಪಯುಕ್ತವಾದ ಗುರುತು ಒಂದಿದೆ. ಪ್ರತಿ ಬಿಟ್‌ನಿಂದ ಒಂದು ತೆಳುವಾದ ಮರದ ತುಂಡಿನ ಅಂಚನ್ನು ಕೆತ್ತಿ, ಅದರಿಂದ 5 ಮಿ.ಮೀ. ಅಗಲದ ಬಿಲ್ಲೆ ಕುಯ್ದು, ಆ ಬಿಟ್ ಇರುವ ರಂಧ್ರದ ನೇರಕ್ಕೆ ಪಟ್ಟಿಯ ಮುಂಭಾಗದಲ್ಲಿ ಅಂಟಿಸಿ. ಬಿಟ್ ಕೊಡುವ ಆಕಾರ ಎದುರಿಗೇ ಕಾಣುತ್ತದೆ, ಜಾಗ ಹೆಚ್ಚು ಹಿಡಿಯುವುದಿಲ್ಲ, ಖಾಲಿ ರಂಧ್ರ ಕಂಡರೆ ಯಾವುದು ಹೊರಗಿದೆ ಎಂಬುದೂ ತಿಳಿಯುತ್ತದೆ.

ಬಾಗಿಲಿನ ಒಳಬದಿಯಲ್ಲಿ ಬಿಟ್‌ಗಳನ್ನು ಇಡುವ ಆಸೆ ಸಹಜ, ಆದರೆ ಬಾಗಿಲು ಬಡಿದಾಗಲೆಲ್ಲ ಕಾರ್ಬೈಡ್ ಅಂಚಿಗೆ ಪೆಟ್ಟು ಬೀಳುತ್ತದೆ. ಸ್ಪ್ಯಾನರ್, ಕೊಲೆಟ್, ಅಲೆನ್ ಕೀ, ಬಿಡಿ ಬೇರಿಂಗ್‌ಗಳು, ಇಂಥ ಅಂಚಿಲ್ಲದ ಸಾಮಾನುಗಳಿಗೆ ಮಾತ್ರ ಅಲ್ಲಿ ಜಾಗ.

ಗೋಡೆ, ತೇವ, ತುಕ್ಕು

ಕಪಾಟನ್ನು ಮಳೆ ಹೊಡೆಯುವ ನೈರುತ್ಯ ದಿಕ್ಕಿನ ಹೊರಗೋಡೆಗೆ ತೂಗುಹಾಕಬಾರದು. ಆ ಗೋಡೆಯ ಒಳಮೈ ಆಗಸ್ಟಿನಲ್ಲಿ ಕೈಗೆ ತಣ್ಣಗೆ, ಒದ್ದೆಯಾಗಿ ತಾಕುತ್ತದೆ. ಕೋಣೆಗಳ ನಡುವಿನ ಒಳಗೋಡೆಯೇ ಯೋಗ್ಯ. 18 ಮಿ.ಮೀ. ಹಲಗೆಯೊಂದನ್ನು 45 ಡಿಗ್ರಿ ಓರೆಯಲ್ಲಿ ಉದ್ದಕ್ಕೆ ಸೀಳಿ, ಒಂದು ಭಾಗವನ್ನು ವಾಲ್ ಪ್ಲಗ್ ಹಾಕಿ ಗೋಡೆಗೂ ಇನ್ನೊಂದನ್ನು ಕಪಾಟಿನ ಹಿಂಬದಿಗೂ ಬಿಗಿದರೆ ಎರಡೂ ಒಂದಕ್ಕೊಂದು ಕಚ್ಚಿ ಕೂರುತ್ತವೆ. ಕಪಾಟಿನ ಕೆಳತುದಿಗೂ ಅದೇ ದಪ್ಪದ ರೀಪು ಕೊಟ್ಟರೆ ಹಿಂದೆ 18 ಮಿ.ಮೀ. ಗಾಳಿಯಾಡುವ ಸಂದು ಉಳಿಯುತ್ತದೆ, ಬೇಕೆಂದಾಗ ಕಪಾಟನ್ನೇ ಎತ್ತಿ ತೆಗೆಯಬಹುದು. ಮಣ್ಣಿನ ಗೋಡೆಗಳಲ್ಲಿ ಪ್ಲಗ್ ಹಿಡಿತ ಸಾಲದು, ಮರದ ಕಂಬಕ್ಕೋ ಬಾಗಿಲಿನ ದಾರಂದಕ್ಕೋ ಆಧಾರ ಕೊಡಬೇಕು. ಗೋಡೆಯೇ ಖಾಲಿ ಇಲ್ಲದವರು ಇದೇ ಪಟ್ಟಿಗಳನ್ನು ಓರೆ ಮಾಡದೆ ಮೇಜಿನಡಿಯ ಡ್ರಾಯರ್‌ನಲ್ಲಿ ಕೂರಿಸಬಹುದು. ಡ್ರಾಯರ್ ಹೊರಗೆಳೆದ ಮೇಲೆ ಮೇಲೆ ತಡೆಯೇ ಇರದ ಕಾರಣ ಎತ್ತರವೂ ಉಳಿಯುತ್ತದೆ, ಆದರೆ ಪುಡಿ ಹೆಚ್ಚು ಬೀಳುತ್ತದೆ.

ಬಾಗಿಲಿನ ಸುತ್ತ ತೆಳುವಾದ ರಬ್ಬರ್ ಪಟ್ಟಿ ಅಂಟಿಸಿ, ಒಳಗೆ ರಂಧ್ರಗಳಿರುವ ಡಬ್ಬಿಯಲ್ಲಿ 200 ಗ್ರಾಂನಷ್ಟು ಸಿಲಿಕಾ ಜೆಲ್ ಇಡಿ. ಕಿತ್ತಳೆ ಬಣ್ಣದ ಹರಳುಗಳು ತೇವ ತುಂಬಿದಾಗ ಹಸಿರಾಗುತ್ತವೆ. ಆಗ ಅಡುಗೆಗೆ ಬಳಸದ ಒಂದು ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿಮಾಡಿದರೆ ಮತ್ತೆ ಕಿತ್ತಳೆ ಬಣ್ಣಕ್ಕೆ ಬರುತ್ತವೆ. ಮೊದಲ ಕೆಲವು ದಿನ ಮರದೊಳಗಿನ ತೇವವನ್ನೂ ಅವು ಹೀರಬೇಕಾಗುವುದರಿಂದ ಬೇಗ ಹಸಿರಾಗುವುದು ಸಹಜ. ಬಟ್ಟೆಯ ಬೀರುವಿಗೆ ಮಾಡುವಂತೆ ಕಪಾಟಿನೊಳಗೆ ಬಲ್ಬು ಉರಿಸುವ ಕ್ರಮವನ್ನು ಇಲ್ಲಿ ನಾನು ಬೇಡವೆನ್ನುತ್ತೇನೆ: ಮರದ ಪುಡಿ ಇರುವ ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಬಿಸಿ ಬಲ್ಬು ಬೆಂಕಿಗೆ ಕಾರಣವಾಗಬಹುದು, ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದಾಗ ಅದರಿಂದ ಪ್ರಯೋಜನವೂ ಇಲ್ಲ. ಬಿಟ್‌ನೊಂದಿಗೆ ಬಂದ ಸ್ಪಾಂಜನ್ನು ಎಸೆದುಬಿಡಿ, ಅದು ತೇವವನ್ನು ಉಕ್ಕಿಗೆ ಒತ್ತಿ ಹಿಡಿಯುತ್ತದೆ.

ಕೆಲಸ ಮುಗಿದ ಮೇಲೆ ಬಿಟ್ ಮೇಲೆ ಅಂಟಿದ ಮೇಣ, ಪುಡಿಯನ್ನು ತೆಗೆಯದೆ ಕಪಾಟಿಗೆ ಹಿಂತಿರುಗಿಸಬಾರದು. ಹಲಸಿನಂಥ ಮರ ಕೊರೆದಾಗ ಇದು ಇನ್ನೂ ಮುಖ್ಯ. ಬೇರಿಂಗ್ ಬಿಚ್ಚಿಟ್ಟು, ಬೆಂಕಿಯಿಂದ ದೂರದಲ್ಲಿ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಿ, ಮೇಲೆ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಿ. ಬೇರಿಂಗನ್ನು ಸೀಮೆಎಣ್ಣೆಯಲ್ಲಿ ನೆನೆಸಿದರೆ ಒಳಗಿನ ಗ್ರೀಸ್ ಕರಗಿಹೋಗುತ್ತದೆ. ಮತ್ತೆ ಬಳಸುವಾಗ ಶ್ಯಾಂಕಿನ ಎಣ್ಣೆಯನ್ನು ಒಣಬಟ್ಟೆಯಿಂದ ಪೂರ್ತಿ ಒರೆಸಲೇಬೇಕು, ಎಣ್ಣೆ ಮೆತ್ತಿದ ಶ್ಯಾಂಕನ್ನು ಕೊಲೆಟ್ ಸರಿಯಾಗಿ ಹಿಡಿಯುವುದಿಲ್ಲ.

ಸೆಪ್ಟೆಂಬರ್ ಮೊದಲಲ್ಲಿ ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ಗೆಂದು ಕೋವಿ, ಕತ್ತಿಗಳನ್ನು ತೆಗೆದು ಒರೆಸುವ ಹೊತ್ತಿಗೆ ಈ ಪಟ್ಟಿಗಳನ್ನೂ ಬಿಚ್ಚಿ ಹೊರತೆಗೆದು ನೋಡುವುದು ಒಳ್ಳೆಯದು. ಆ ವೇಳೆಗೆ ಮರ ವರ್ಷದಲ್ಲೇ ಅತಿ ಹೆಚ್ಚು ಉಬ್ಬಿರುತ್ತದೆ. ಯಾವ ರಂಧ್ರದಲ್ಲಿ ಬಿಟ್ ಬಿಗಿಯಾಗಿದೆಯೋ ಅದಕ್ಕೆ ಪೆನ್ಸಿಲ್ ಗುರುತು ಹಾಕಿ, ಕಡ್ಡಿಯೊಂದಕ್ಕೆ ಸುತ್ತಿದ 120 ನಂಬರಿನ ಮರಳು ಕಾಗದದಿಂದ ಬಿಟ್ ತನ್ನ ಭಾರಕ್ಕೇ ಇಳಿಯುವಷ್ಟು ಉಜ್ಜಿ, ಉಜ್ಜಿದ ಜಾಗಕ್ಕೆ ಮತ್ತೊಮ್ಮೆ ಅರಗಿನ ಪಾಲಿಶ್ ಹಚ್ಚಿ ಒಣಗಿಸಿ ಕೂರಿಸಿ.